ಯಾರೂ ಕಾಯದ ಹೋಟೆಲುಗಳು

ಮೊನ್ನೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಸಣ್ಣ ಗಲಿಬಿಲಿಯಾಯಿತು. ನಾನು ಮಾಡಿದ್ದು ಇಷ್ಟೇ: ಊಟ ಮುಗಿಸಿ ಎದ್ದು ನಿಂತೆ. ಎದುರಿಗೆ ಕೂತಿದ್ದ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದವಳು. ಬಾಯಲ್ಲಿ ಚಪಾತಿಯ ತುಂಡು ಇಟ್ಟುಕೊಂಡೇ, ಡಬ್ಬಿ ಎತ್ತಿಕೊಂಡು ಅವಳೂ ಎದ್ದಳು. ಅವಳನ್ನು ನೋಡಿ ಪಕ್ಕದವನು ಎದ್ದ. ದೊಡ್ಡ ಸಾಹೇಬರು ಯಾರೋ ಒಳಗೆ ಬಂದರೆಂದು ತಿಳಿದು ಹಿಂದಿನ ಟೇಬಲ್ಲಿನವರೂ ಎದ್ದರು. ಮೂಲೆಯಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬ ಮಾತ್ರ ತಟ್ಟೆಯಿಂದ ತಲೆ ಎತ್ತದೆ, "ಬೈಠೋ ಬೈಠೋ, ಇಸ್ಕಾ ರೋಜ್ ಕಾ ಹೈ" ಎಂದು ಎಲ್ಲರನ್ನೂ ಸಮಾಧಾನ ಮಾಡಿದ.

ನಿಜ, ನನ್ನದು ದಿನನಿತ್ಯದ್ದೇ. ಕೊನೆಯ ತುತ್ತು ಗಂಟಲಿಳಿಯುವ ಮೊದಲೇ ನನ್ನ ಮೊಣಕಾಲು ನೆಟ್ಟಗಾಗುತ್ತದೆ. ಏಳಬೇಕೆಂದು ಯೋಚಿಸಿ ನಾನು ಏಳುವುದಲ್ಲ. ಎದ್ದ ಮೇಲೆ, ಅರೆ, ಎದ್ದೆನಲ್ಲ ಎಂದು ಯೋಚಿಸುತ್ತೇನೆ. ಈ ಒಂದು ಚಾಳಿಯಿಂದ ಎಷ್ಟು ಹುಡುಗಿಯರು ಕೈತಪ್ಪಿದರು ಎಂದು ನಿಮಗೆ ಹೇಳುವುದಿಲ್ಲ. ದೊಡ್ಡ ಸಂಖ್ಯೆಯೇನಲ್ಲ, ಆದರೂ ಮರ್ಯಾದೆ ನನ್ನದು ತಾನೆ.

ಇದರ ಮೂಲ ಮುಂಬಯಿಯ ಭಾಂಡುಪಿನಲ್ಲಿದೆ. ಅಪ್ಪ ಉಡುಪಿಯ ಕಡೆಯಿಂದ ಬಂದು ಅಲ್ಲಿ ಕಾರ್ಖಾನೆಗಳ ಎದುರಿಗೆ ಒಂದು ಪುಟ್ಟ ಹೋಟೆಲು ನಡೆಸುತ್ತಿದ್ದರು. ಮಧ್ಯಾಹ್ನ ಭೋಂಗಾ, ಅಂದರೆ ಕಾರ್ಖಾನೆಯ ಸೈರನ್ನು, ಕೂಗಿತೆಂದರೆ ಕೆಲಸಗಾರರೆಲ್ಲ ಒಂದೇ ಸಲಕ್ಕೆ ನುಗ್ಗುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಅರ್ಧ ಗಂಟೆ. ನಮ್ಮಲ್ಲಿದ್ದದ್ದು ಬೆರಳೆಣಿಕೆಯ ಟೇಬಲ್ಲುಗಳು. ಜಾಗ ಸಿಗದವರು ತಿನ್ನುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಿದ್ದರು. ಒಬ್ಬ ಕೈತೊಳೆಯಲು ಎದ್ದರೆ ಅದೇ ಗಳಿಗೆಯಲ್ಲಿ ಇನ್ನೊಬ್ಬ ಕೂರುತ್ತಿದ್ದ. ಕುರ್ಚಿ ತಣ್ಣಗಾಗುವ ಪ್ರಶ್ನೆಯೇ ಇರಲಿಲ್ಲ.

ನಾನು ಶಾಲೆಯಿಂದ ಬರುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೆ. ಅಡುಗೆಮನೆ ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ನನಗೂ ಅಮ್ಮನಿಗೂ ರೈಸ್‌ಪ್ಲೇಟ್ ಬರುತ್ತಿತ್ತು. ಮಜ್ಜಿಗೆಯ ಲೋಟ ಕೆಳಗಿಡುವುದರೊಳಗೆ ಗಲ್ಲಾಪೆಟ್ಟಿಗೆಯ ಕಡೆಯಿಂದ ಅಪ್ಪನ ದನಿ ಕೇಳುತ್ತಿತ್ತು: "ಏಳು ಮಾರಾಯ, ಜನ ನಿಂತಿದ್ದಾರೆ." ಮನೆಯಲ್ಲಿ ನಮ್ಮದು ತುಳು. ಅಪ್ಪ ಹೋಟೆಲಿನಲ್ಲಿ ಹಿಂದಿ ಆಡುತ್ತಿದ್ದರು, ತರಕಾರಿಯವನ ಜೊತೆ ಮರಾಠಿಯಲ್ಲಿ ಜಗಳ ಮಾಡುತ್ತಿದ್ದರು, ದೊಡ್ಡ ಮನುಷ್ಯರು ಸಿಕ್ಕರೆ ಪೇಪರಿನ ಕನ್ನಡ ಮಾತಾಡುತ್ತಿದ್ದರು. ಆದರೆ ಈ ಒಂದು ವಾಕ್ಯ ಅವರ ಬಾಯಿಂದ ಎಲ್ಲ ಭಾಷೆಯಲ್ಲೂ ಬರುತ್ತಿತ್ತು. ಅದು ಗದರಿಕೆಯೇನೂ ಆಗಿರಲಿಲ್ಲ. ಹಸಿದವನ ಅರ್ಧ ಗಂಟೆ ಓಡುತ್ತಿರುವಾಗ ಹೊಟ್ಟೆ ತುಂಬಿದವನು ಕೂತು ಹಲ್ಲು ಚುಚ್ಚಿಕೊಳ್ಳುವುದನ್ನು ಅಪ್ಪ ಪಾಪವೆಂದೇ ತಿಳಿದಿದ್ದರು. ಈಗಲೂ ಹಾಗೇ ತಿಳಿದಿದ್ದಾರೆ. ಕಾರ್ಖಾನೆಗಳು ಮುಚ್ಚಿ, ಆ ಜಾಗದಲ್ಲಿ ಟವರುಗಳೆದ್ದು, ಅಲ್ಲಿನವರು ಊಟವನ್ನು ಫೋನಿನಲ್ಲಿ ತರಿಸಿಕೊಳ್ಳತೊಡಗಿದ ಮೇಲೆ ನಮ್ಮ ಹೋಟೆಲಿನಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಲ್ಲುವವರು ಯಾರೂ ಉಳಿಯಲಿಲ್ಲ. ಅಪ್ಪ ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟು ಮನೆಯಲ್ಲಿದ್ದಾರೆ. ಮನೆಯಲ್ಲಿ ಮೂರೇ ಜನ ಊಟಕ್ಕೆ ಕೂತಾಗಲೂ ನಾವು ಮೂವರೂ ತಿಂದ ತಕ್ಷಣ ಏಳುತ್ತಿದ್ದೆವು. ಟಿವಿಯಲ್ಲಿ ಸುದ್ದಿ ಓದುವವನ ಹೊರತು ನಮ್ಮನ್ನು ನೋಡುವವರು ಇರಲಿಲ್ಲ.

ಹೋಟೆಲಿನವರ ಮನೆಯ ಇನ್ನೊಂದು ಕಟ್ಟಳೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಹೋಟೆಲಿನಲ್ಲಿ ಕೂತು ತಿಂಡಿಯಲ್ಲಿ ತಪ್ಪು ಹುಡುಕಬಾರದು. ಚೆನ್ನಾಗಿದ್ದರೆ ಒಳಗೆ ಹೋಗಿ ಭಟ್ಟರಿಗೆ ಹೇಳಿ ಬರಬೇಕು. ಕೆಟ್ಟದಾಗಿದ್ದರೆ ಬಾಯಿ ಮುಚ್ಚಿಕೊಂಡು ಬಿಲ್ ಕೊಟ್ಟು ಬರಬೇಕು. ಒಲೆಯ ಮುಂದೆ ನಿಂತವನ ಕಷ್ಟ ನಿಂತವನಿಗೇ ಗೊತ್ತು ಎನ್ನುವುದು ಅಪ್ಪನ ವಾದ. ಹೀಗಾಗಿ ಮುಂಬಯಿಯ ಅನೇಕ ಸಪ್ಪೆ ಸಾಂಬಾರುಗಳೂ ಹುಳಿ ಚಟ್ನಿಗಳೂ ನನ್ನಿಂದ ಒಂದು ಕೆಟ್ಟ ಮಾತೂ ಕೇಳದೆ ನನ್ನ ಹೊಟ್ಟೆ ಸೇರಿವೆ.

ಈಗ ಊಹಿಸಿ. ಬೇಗ ತಿನ್ನುವ, ತಿಂದ ಕೂಡಲೇ ಏಳುವ, ಯಾವ ಊಟದ ಬಗ್ಗೆಯೂ ಅಭಿಪ್ರಾಯ ಹೇಳದ ಒಬ್ಬ ಗಂಡಸು, ಮೂವತ್ತು ದಾಟಿದ ಮೇಲೆ, ಫೋನಿನಲ್ಲಿ ಪರಿಚಯವಾದ ಹುಡುಗಿಯರನ್ನು ಭೇಟಿಯಾಗಲು ಹೊರಡುತ್ತಾನೆ. ಎಲ್ಲಿಗೆ? ಹೋಟೆಲಿಗೇ. ಈ ಊರಿನಲ್ಲಿ ಇಬ್ಬರು ಕೂತು ಮಾತಾಡಲು ಬೇರೆ ಜಾಗವೆಲ್ಲಿದೆ ಹೇಳಿ. ಮನೆಗಳು ಸಣ್ಣವು, ಸಮುದ್ರ ದೂರ, ಪಾರ್ಕಿನಲ್ಲಿ ವಾಚ್‌ಮನ್ ಶಿಳ್ಳೆ ಊದುತ್ತಾನೆ.

ಮೊದಲನೆಯ ಭೇಟಿ ಲೋವರ್ ಪರೇಲಿನಲ್ಲಿ, ಹಳೆಯ ಮಿಲ್ಲೊಂದರ ಒಳಗೆ ಮಾಡಿದ್ದ ದೊಡ್ಡ ರೆಸ್ಟೋರೆಂಟಿನಲ್ಲಿ. ಹುಡುಗಿ ಜಾಹೀರಾತು ಕಂಪನಿಯಲ್ಲಿದ್ದಳು, ಒಳ್ಳೆಯ ಮಾತುಗಾರ್ತಿ. ನನ್ನ ಊರಿನ ಗೌರವಾರ್ಥ ಅವಳೇ ಇಡ್ಲಿ ಆರ್ಡರ್ ಮಾಡಿದಳು. ಮರದ ಹಲಗೆಯ ಮೇಲೆ ಒಂದೇ ಇಡ್ಲಿ ನಾಲ್ಕು ಹೋಳಾಗಿ ಬಂತು. ಪಕ್ಕದಲ್ಲಿ ಸಾಂಬಾರಿನ ನೊರೆ ಇತ್ತು. ನೊರೆ ಆರುವ ಮೊದಲೇ ನಾನು ಮುಗಿಸಿದೆ. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಅವಳು ತನ್ನ ಕಾಲೇಜಿನ ಕತೆಯ ನಡುವೆ ಇದ್ದಳು, ನಾನು ಎದ್ದು ನಿಂತಿದ್ದೆ. "ಮನೆಯಿಂದ ಫೋನ್ ಬಂತಾ? ಎಲ್ಲರೂ ಹುಷಾರಾಗಿದ್ದಾರಾ?" ಎಂದು ಗಾಬರಿಯಿಂದ ಕೇಳಿದಳು. ನಾನು ಪ್ರಾಮಾಣಿಕವಾಗಿ, "ಇಲ್ಲ, ಊಟ ಆಯ್ತಲ್ಲ" ಎಂದೆ. ಆಮೇಲೆ ನಾನು ಕಳಿಸಿದ ಮೆಸೇಜುಗಳಿಗೆ ಅವಳಿಂದ ಉತ್ತರ ಬರಲಿಲ್ಲ.

ಎರಡನೆಯವಳು ಮುಲುಂಡಿನ ದಂತವೈದ್ಯೆ. ಪೊವಾಯಿಯ ಬಫೆಯೊಂದರಲ್ಲಿ ಭೇಟಿ. ಅಲ್ಲಿನ ಪನೀರನ್ನು ಅಗಿದೂ ಅಗಿದೂ ಅವಳೇ, "ಇದು ನನಗೆ ಪೇಷಂಟ್ ತಂದುಕೊಡುವ ಐಟಮ್" ಎಂದು ನಕ್ಕಳು. ನಗುವ ಹುಡುಗಿ, ಈ ಸಲ ಏಳಬಾರದೆಂದು ನಿಶ್ಚಯಿಸಿದೆ. ಎದ್ದೇಳಲಿಲ್ಲ ಕೂಡ. ಆದರೆ ಕೈ ಸುಮ್ಮನಿರಬೇಕಲ್ಲ. ಅವಳು ಮಾತಾಡುತ್ತಿದ್ದಾಗ ಟೇಬಲ್ಲಿನ ಮೇಲಿದ್ದ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಲೋಟದೊಳಗೆ ಲೋಟ ಇಟ್ಟು, ಟಿಶ್ಯೂ ಪೇಪರಿನಿಂದ ಟೇಬಲ್ ಒರೆಸಿದ್ದೆ. ಪೇರಿಸಿದ್ದರಲ್ಲಿ ಅವಳ ತಟ್ಟೆಯೂ ಇತ್ತು. ಅದರಲ್ಲಿ ಇನ್ನೂ ಗುಲಾಬ್ ಜಾಮೂನ್ ಇತ್ತೆಂದು ಆಮೇಲೆ ತಿಳಿಯಿತು.

ಅಮ್ಮನಿಗೆ ಈ ಫೋನಿನ ವ್ಯವಹಾರದಲ್ಲಿ ನಂಬಿಕೆ ಇರಲಿಲ್ಲ. "ನಮ್ಮವರದ್ದೇ ಒಂದು ಹುಡುಗಿ ಉಂಟು, ಠಾಣೆಯಲ್ಲಿ ಹೋಟೆಲಿನವರು" ಎಂದು ಹೇಳಿ ಕಳಿಸಿದರು. ಹೋದೆ. ಇಬ್ಬರೂ ಮಸಾಲೆ ದೋಸೆ ತಿಂದೆವು. ಇಬ್ಬರೂ ಒಟ್ಟಿಗೆ ಮುಗಿಸಿ, ಒಟ್ಟಿಗೆ ಎದ್ದು, ಒಟ್ಟಿಗೆ ಕೈ ತೊಳೆದೆವು. ದೋಸೆ ಹಳಸಲಾಗಿತ್ತು, ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟೊಂದು ಹೊಂದಾಣಿಕೆ ನನ್ನ ಜೀವನದಲ್ಲಿ ಇನ್ಯಾರೊಡನೆಯೂ ಆಗಿಲ್ಲ. ರಸ್ತೆಗೆ ಬಂದು ನಿಂತಾಗ ಇಬ್ಬರಿಗೂ ಹೇಳಲು ಏನೂ ಉಳಿದಿರಲಿಲ್ಲ, ಅವಳು ರಿಕ್ಷಾ ಹಿಡಿದಳು, ನಾನು ಸ್ಟೇಷನ್ನಿನ ಕಡೆ ನಡೆದೆ. ಅವಳಿಗೆ ಈಗ ಮದುವೆಯಾಗಿದೆ, ಚೆನ್ನಾಗಿದ್ದಾಳೆಂದು ಕೇಳಿದ್ದೇನೆ.

ಹೀಗಿರುವಾಗ ಅಕ್ಷತಾ ಪರಿಚಯವಾದಳು. ಘಾಟ್ಕೋಪರಿನವಳು, ಮನೆಯವರು ಮೂಲತಃ ಬೆಳಗಾವಿ ಕಡೆಯವರು. ಅಪ್ಪ ಇಲ್ಲ, ತಾಯಿ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅಕ್ಷತಾ ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಾತ್ರೆಯನ್ನು ನೀರಿಗೆ ಹಾಕಿ ಅದು ಎಷ್ಟು ಹೊತ್ತಿಗೆ ಕರಗುತ್ತದೆಂದು ನೋಡುವುದು ಅವಳ ಕೆಲಸ. ಇದನ್ನು ಕೇಳಿದಾಗಲೇ ನನಗೆ ಸೂಕ್ಷ್ಮ ತಿಳಿಯಬೇಕಿತ್ತು. ಅವಳು ತಿನ್ನುವುದೂ ಅದೇ ಗತಿಯಲ್ಲಿ. ಒಂದು ತುತ್ತು ಬಾಯಿಗಿಟ್ಟು, ಅದು ಪೂರ್ತಿ ಕರಗುವವರೆಗೆ ಕಾದು, ಆಮೇಲೆ ಒಂದು ಮಾತಾಡಿ, ನೀರು ಕುಡಿದು, ಮುಂದಿನ ತುತ್ತನ್ನು ಕಲಸುತ್ತಾಳೆ.

ನಮ್ಮ ಮೊದಲ ಭೇಟಿ ಘಾಟ್ಕೋಪರ್ ಮೆಟ್ರೊ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ. ಪಂಜಾಬಿ, ಚೈನೀಸ್, ಪಾವ್‌ಭಾಜಿ, ದೋಸೆ ಎಲ್ಲವೂ ಅಲ್ಲಿ ಸಿಗುತ್ತಿತ್ತು, ಎಲ್ಲಕ್ಕೂ ಒಂದೇ ರುಚಿ. ವೆಜ್ ಕೊಲ್ಹಾಪುರಿ ಸಿಹಿಯಾಗಿತ್ತು. ನಾನು ಮುಗಿಸಿದೆ, ಅವಳು ಮೊದಲನೆಯ ರೋಟಿಯಲ್ಲಿದ್ದಳು, ಬಾಗಿಲಲ್ಲಿ ಒಂದು ಕುಟುಂಬ ಕಾಯುತ್ತಿತ್ತು. ನಾನು ಎದ್ದೆ. ಅವಳು ತಲೆ ಎತ್ತದೆ, "ಬಾತ್‌ರೂಮ್ ಆ ಕಡೆ ಐತ್ರಿ" ಎಂದಳು. ಮಾನ ಉಳಿಸಿಕೊಳ್ಳಲು ಹೋಗಿ ಬಂದೆ. ಕೂತೆ. ಮತ್ತೆ ಎದ್ದೆ, ಮತ್ತೆ ಹೋಗಿ ಬಂದೆ. ಮೂರನೆಯ ಸಲ ವಾಪಸು ಬಂದಾಗ ಅವಳು ರೋಟಿ ಕೆಳಗಿಟ್ಟು, ಕನಿಕರದಿಂದ ಕೇಳಿದಳು: "ಕೇಳಬಾರದು, ಆದ್ರೂ ಕೇಳ್ತೇನ್ರಿ. ನಿಮಗ ಶುಗರ್ ಏನರೆ ಐತೇನು?"

ಆ ಪ್ರಶ್ನೆಗೆ ನಿಜ ಹೇಳದೆ ಬೇರೆ ದಾರಿ ಇರಲಿಲ್ಲ. ಭಾಂಡುಪ್, ಭೋಂಗಾ, ಕುರ್ಚಿಯ ಬೆನ್ನು ಹಿಡಿದು ನಿಲ್ಲುವವರು ಎಲ್ಲವನ್ನೂ ಹೇಳಿದೆ. ಅವಳು ನಗಲು ಶುರು ಮಾಡಿದವಳು ನಿಲ್ಲಿಸಲಿಲ್ಲ. "ಅಂದ್ರ ಇಷ್ಟೊತ್ತು ನೀವು ನನ್ನ ಟೇಬಲ್ ಖಾಲಿ ಮಾಡ್ಸಾಕತ್ತಿದ್ರಿ!" ಎಂದಳು. ಆಮೇಲೆ ತನ್ನ ಮನೆಯ ಪದ್ಧತಿ ಹೇಳಿದಳು. ಅವರಲ್ಲಿ ಊಟಕ್ಕೆ ಕೂತವರು ಎಲ್ಲರದ್ದೂ ಮುಗಿಯುವವರೆಗೆ ಏಳುವುದಿಲ್ಲ. ಒಬ್ಬರು ಇನ್ನೂ ಉಣ್ಣುತ್ತಿರುವಾಗ ಇನ್ನೊಬ್ಬರು ಎದ್ದರೆ, ಸಾಕು ನೀನೂ ಏಳು ಎಂದು ಹೇಳಿದ ಹಾಗೆ. "ನಮ್ಮವ್ವ ಒಣಗಿದ ಕೈಲೆ ಅರ್ಧ ತಾಸು ಕುಂದರ್ತಾಳ, ನನ್ನ ಸಲುವಾಗಿ" ಎಂದಳು. ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಊಟ ಮುಗಿದ ಮೇಲೂ ಒಬ್ಬರಿಗಾಗಿ ಸುಮ್ಮನೆ ಕೂರುವುದು ಪ್ರೀತಿ ತೋರಿಸುವ ಒಂದು ಬಗೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಎದ್ದು ಜಾಗ ಬಿಡುವುದೇ ಪ್ರೀತಿಯಾಗಿತ್ತು.

ಉಪಾಯ ಅವಳೇ ಹುಡುಕಿದಳು. ಯಾರಾದರೂ ಕಾಯುತ್ತಿದ್ದರೆ ತಾನೆ ನನಗೆ ಏಳಬೇಕೆನಿಸುವುದು? ಯಾರೂ ಕಾಯದ ಹೋಟೆಲಿಗೇ ಹೋದರಾಯಿತು.

ಮುಂಬಯಿಯಂಥ ಊರಿನಲ್ಲಿ, ಊಟದ ಹೊತ್ತಿನಲ್ಲಿ ಯಾರೂ ಕಾಯದ ಹೋಟೆಲು ಎಂದರೆ ಅದರ ಅರ್ಥ ನಿಮಗೆ ಗೊತ್ತೇ ಇದೆ. ನಮ್ಮ ಪ್ರೇಮ ಬೆಳೆದದ್ದು ಈ ಮಹಾನಗರದ ಅತ್ಯಂತ ಕೆಟ್ಟ ಊಟಗಳ ನಡುವೆ. ಬೇರೆಯವರು ಫೋನಿನಲ್ಲಿ ಐದು ನಕ್ಷತ್ರದ ಹೋಟೆಲು ಹುಡುಕುವಾಗ ನಾವು ಎರಡಕ್ಕಿಂತ ಕಡಿಮೆ ನಕ್ಷತ್ರದವನ್ನು ಹುಡುಕುತ್ತಿದ್ದೆವು. "ಖಾನಾ ಬಕ್ವಾಸ್, ಸರ್ವಿಸ್ ಸ್ಲೋ" ಎಂದು ಯಾರೋ ಸಿಟ್ಟಿನಲ್ಲಿ ಬರೆದದ್ದು ಕಂಡರೆ ಅಕ್ಷತಾ, "ಸಿಕ್ತು ನೋಡ್ರಿ!" ಎಂದು ಖುಷಿಪಡುತ್ತಿದ್ದಳು.

ಭಾಂಡುಪಿನಲ್ಲಿ ಮೊದಲ ಮಹಡಿಯ ಚೈನೀಸ್ ಹೋಟೆಲೊಂದಿತ್ತು. ನಾವು ಒಳಗೆ ಕಾಲಿಟ್ಟ ಮೇಲೆ ಮಾಲೀಕ ಎದ್ದು ಲೈಟು ಹಾಕುತ್ತಿದ್ದ, ಆಮೇಲೆ ಎಸಿ ಹಾಕುತ್ತಿದ್ದ, ಆಮೇಲೆ ಅಡುಗೆಯವನನ್ನು ಎಬ್ಬಿಸಲು ಹೋಗುತ್ತಿದ್ದ. ಗಾಜಿನ ತೊಟ್ಟಿಯಲ್ಲಿ ಒಂದೇ ಮೀನು, ಅದಕ್ಕೂ ನಮ್ಮನ್ನು ನೋಡಿ ಆಶ್ಚರ್ಯ. ಅಲ್ಲಿನ ಮಂಚೂರಿ ಹಲ್ಲಿಗೆ ಸಿಗುತ್ತಿರಲಿಲ್ಲ, ಜಾರುತ್ತಿತ್ತು. ಘಾಟ್ಕೋಪರಿನ ಮಾಲ್ ಒಂದರ ಮೇಲಿನ ಮಹಡಿಯಲ್ಲಿ ಮೆಕ್ಸಿಕನ್ ಎಂಬ ಹೆಸರಿನಲ್ಲಿ ಒದ್ದೆ ಹಪ್ಪಳದ ಮೇಲೆ ಟೊಮೆಟೊ ಸಾಸ್ ಸುರಿದು ಕೊಟ್ಟರು. ಕುರ್ಲಾದ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಮಟಮಟ ಮಧ್ಯಾಹ್ನ ನೇರಳೆ ಬಣ್ಣದ ದೀಪ. ಬಂದದ್ದು ದಾಲೋ ಖೀರೋ ಎಂದು ತಿಂದ ಮೇಲೂ ತೀರ್ಮಾನವಾಗಲಿಲ್ಲ. ಉಡುಪಿಯ ಹೆಸರಿಟ್ಟುಕೊಂಡ ಒಂದು ಹೋಟೆಲಿಗೂ ಹೋದೆವು. ಅದರ ಸಾಂಬಾರಿನಲ್ಲಿ ದಾಲ್ಚಿನ್ನಿ ಚೂರು ತೇಲುತ್ತಿತ್ತು. "ನಿಮ್ಮೂರ ಕಡೆ ಸಾಂಬಾರ್ ಹಿಂಗ ಇರ್ತೈತೇನ್ರಿ?" ಎಂದು ಅಕ್ಷತಾ ಮುಗ್ಧವಾಗಿ ಕೇಳಿದಳು. ಅಂದು ನಾನು ಅಪ್ಪನ ಕಟ್ಟಳೆ ಮುರಿದು, ಜೀವನದಲ್ಲಿ ಮೊದಲ ಬಾರಿಗೆ ಒಂದು ಹೋಟೆಲಿನಲ್ಲಿ ಕೂತು ಅದರ ಊಟವನ್ನು ಬಾಯಿತುಂಬ ಬೈದೆ. ಎಷ್ಟು ಹಗುರಾಯಿತೆಂದರೆ, ಮುಂದೆ ಅದೇ ಅಭ್ಯಾಸವಾಯಿತು.

ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಮೊದಲ ಭೇಟಿಗಳಲ್ಲಿ ಊಟ ಏಕೆ ರುಚಿಸುವುದಿಲ್ಲ ಎನ್ನುವುದರ ಬಗ್ಗೆ ನನ್ನದೊಂದು ಸಿದ್ಧಾಂತವಿದೆ: ಬಾಯಿ ಏನು ಮಾತಾಡಲಿ ಎಂದು ಚಿಂತಿಸುತ್ತಿರುತ್ತದೆ, ತಿನ್ನಲು ಅದಕ್ಕೆ ಪುರುಸೊತ್ತಿರುವುದಿಲ್ಲ. ಅಕ್ಷತಾಳ ಜೊತೆ ಊಟವೂ ಕೆಟ್ಟದಾಗಿತ್ತು, ಬಾಯಿಗೂ ಪುರುಸೊತ್ತಿತ್ತು. ತಿನ್ನಲು ಏನೂ ಯೋಗ್ಯವಾದದ್ದು ಇಲ್ಲದ್ದರಿಂದ ನಾನೂ ನಿಧಾನವಾದೆ. ಒಂದೇ ತೊಂದರೆ, ನಮ್ಮ ಹೋಟೆಲುಗಳು ಬಾಳುತ್ತಿರಲಿಲ್ಲ. ಎರಡು ತಿಂಗಳು ಬಿಟ್ಟು ಹೋದರೆ ಅಲ್ಲಿ ಮೊಬೈಲ್ ಕವರಿನ ಅಂಗಡಿ ಇರುತ್ತಿತ್ತು. ನಾವು ಫುಟ್‌ಪಾತಿನಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಮುಂದೆ ಹೋಗುತ್ತಿದ್ದೆವು.

ಆಪತ್ತು ಬಂದದ್ದು ಒಂದು ಹೋಟೆಲು ಬಾಳಿದ್ದರಿಂದ. ಭಾಂಡುಪಿನ ಆ ಚೈನೀಸ್ ಹೋಟೆಲಿನ ವಿಡಿಯೊವನ್ನು ಯಾರೋ ಫೋನಿನಲ್ಲಿ ಹಾಕಿದರಂತೆ, ಒಂಟಿ ಮೀನಿನ ಸಮೇತ. ನಾವು ಎಂದಿನಂತೆ ಹೋದರೆ ಒಳಗೆ ಜನವೋ ಜನ. ಮಾಲೀಕ ಹಳೆಯ ಗಿರಾಕಿಗಳೆಂದು ಪ್ರೀತಿಯಿಂದ ಮೂಲೆಯ ಟೇಬಲ್ ಕೊಟ್ಟ. ಅಂದು ಅಕ್ಷತಾಳಿಗೆ ಆಫೀಸಿನಲ್ಲಿ ಏನೋ ಬೇಸರವಾಗಿತ್ತು, ಅದನ್ನು ನನಗೆ ಹೇಳುತ್ತಿದ್ದಳು. ಅರ್ಧ ತಟ್ಟೆ ಹಾಗೇ ಇತ್ತು. ನಮ್ಮ ಟೇಬಲ್ಲಿನ ಪಕ್ಕ ಒಬ್ಬ ಹೆಂಗಸು ಬಂದು ಕುರ್ಚಿಯ ಬೆನ್ನು ಹಿಡಿದಳು. ಅಷ್ಟೇ ಸಾಕಾಯಿತು, ನಾನು ನಿಂತಿದ್ದೆ.

ಅಕ್ಷತಾ ಮಾತು ನಿಲ್ಲಿಸಿದಳು. ನಗಲಿಲ್ಲ. ಚಮಚ ಕೆಳಗಿಟ್ಟು ಅವಳೂ ಎದ್ದಳು. ಇಬ್ಬರೂ ಸ್ಟೇಷನ್ನಿಗೆ ನಡೆದೆವು. ಲೋಕಲ್ ಬರುವ ಹೊತ್ತಿಗೆ ಹೇಳಿದಳು.

"ಇಷ್ಟು ದಿನ ನಕ್ಕೇನ್ರಿ. ಆದ್ರ ಮದವಿ ಅಂದ್ರ ದಿನಾ ಎರಡು ಹೊತ್ತು ಊಟ ಐತಿ. ನಿಮ್ಮ ಮನ್ಯಾಗ ನೀವು ಮೂರೂ ಮಂದಿ ಎದ್ದು ನಿಂತು ನನ್ನ ನೋಡಿದ್ರ ನಾ ಹೆಂಗ ಉಣ್ಣಲಿ? ಜಿಂದಗಿ ಪೂರಾ ನುಂಗ್ಕೋತ ಕುಂದರಾಕ ನನಗ ಆಗಂಗಿಲ್ಲ. ವಿಚಾರ ಮಾಡ್ರಿ."

"ಇನ್ನು ಮೇಲೆ ಏಳುವುದಿಲ್ಲ" ಎಂದೆ.

"ನೀವಷ್ಟ ಅಲ್ರಿ" ಎಂದಳು. "ಮುಂದಿನ ರವಿವಾರ ಎಲ್ಲಾರೂ ಕೂಡಿ ಊಟಕ್ಕ ಹೋಗೋದೈತಲ್ಲ, ನೋಡೋಣು." ಲೋಕಲ್ ಬಂತು, ಹತ್ತಿ ಹೋದಳು.

ಎರಡೂ ಮನೆಯವರು ಮದುವೆಯ ಮಾತಿಗೆ ಭೇಟಿಯಾಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಅವಳ ತಾಯಿ, ಮೊದಲ ಭೇಟಿ ಯಾರ ಮನೆಯಲ್ಲೂ ಬೇಡ, ಹೊರಗೆ ಒಂದು ಊಟವಾಗಲಿ ಎಂದಿದ್ದರು. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೆಟ್ಟ ಊಟ ತಿಂದು ತಿಂದು ನಾನು ಅವಳಿಗೆ ಎಷ್ಟು ಒಗ್ಗಿಹೋಗಿದ್ದೇನೆಂದು ಆಗ ತಿಳಿಯಿತು. ಅವಳಿಲ್ಲದೆ ಇನ್ನು ಒಳ್ಳೆಯ ಊಟ ತಿನ್ನುವುದು ನನ್ನಿಂದ ಸಾಧ್ಯವಿರಲಿಲ್ಲ. ನನ್ನ ಮೊಣಕಾಲನ್ನೇನೋ ನಾನು ಹಿಡಿದುಕೊಂಡೇನು. ಅಪ್ಪನದನ್ನು ಹಿಡಿಯುವುದು ಹೇಗೆ? ಶನಿವಾರ ಧೈರ್ಯ ಮಾಡಿ, "ಅಪ್ಪ, ನಾಳೆ ಸ್ವಲ್ಪ ನಿಧಾನ ತಿನ್ನಿ" ಎಂದೆ.

"ನಿಧಾನವೇ ತಿನ್ನುವುದಲ್ಲ ನಾನು? ಅವಸರ ಮಾಡುವುದು ನಿನ್ನ ಅಮ್ಮ" ಎಂದರು ಅಪ್ಪ.

"ನಾನೆಂತ ಅವಸರ ಮಾಡಿದ್ದು?" ಎಂದು ಅಮ್ಮ ಕೈತೊಳೆಯುತ್ತಾ ಒಳಗಿನಿಂದ ಕೇಳಿದರು.

ಇನ್ನೊಂದು ಸಂಕಟವೂ ಇತ್ತು. ಅಕ್ಷತಾಳ ತಾಯಿ ಟೀಚರು ಆರಿಸಿದ್ದು ಘಾಟ್ಕೋಪರಿನ ಹೆಸರಾದ ಥಾಲಿ ಹೋಟೆಲು. ರವಿವಾರ ಅಲ್ಲಿ ಫುಟ್‌ಪಾತಿನವರೆಗೆ ಸಾಲು ಇರುತ್ತದೆ. ಒಳ್ಳೆಯ ಊಟ ಸಿಗುತ್ತದೆಂಬ ಒಂದೇ ಕಾರಣಕ್ಕೆ ನಾನು ಒಂದು ಹೋಟೆಲಿಗೆ ಅಷ್ಟು ಹೆದರಿದ್ದು ಅದೇ ಮೊದಲು.

ನಮ್ಮ ಸರದಿ ಬಂದು ಒಳಗೆ ಕೂತೆವು. ಒಂದು ಬದಿಯಲ್ಲಿ, ಬಾಗಿಲಿಗೆ ಮುಖ ಮಾಡಿ, ಅಪ್ಪ, ಅಮ್ಮ, ನಾನು. ಎದುರಿಗೆ ಅಕ್ಷತಾ ಮತ್ತು ಅವಳ ತಾಯಿ. ಅಪ್ಪನ ಕಣ್ಣು ಆಗಾಗ ಬಾಗಿಲ ಸಾಲಿನ ಮೇಲೆ ಹೋಗುತ್ತಿತ್ತು. ಎಷ್ಟೋ ವರ್ಷದಿಂದ ತಮ್ಮ ಹೋಟೆಲಿನಲ್ಲಿ ಕಾಣದ ದೃಶ್ಯವನ್ನು ಅವರು ಆಸೆಯಿಂದ ನೋಡುತ್ತಿದ್ದರು. "ಒಳ್ಳೆ ವ್ಯಾಪಾರ ಉಂಟು" ಎಂದು ಅಮ್ಮನ ಕಿವಿಯಲ್ಲಿ ಹೇಳಿದರು. ಟೀಚರ ಜೊತೆ ಮಾತ್ರ ಪೇಪರಿನ ಕನ್ನಡದಲ್ಲಿ, "ತಮ್ಮ ಆರೋಗ್ಯ ಹೇಗಿದೆ? ಪಿಂಚಣಿ ಸಕಾಲಕ್ಕೆ ಬರುತ್ತದೆಯೆ?" ಎಂದು ವಿಚಾರಿಸಿದರು. ಟೀಚರಿಗೆ ಅಪ್ಪ ಇಷ್ಟವಾದದ್ದು ಕಾಣುತ್ತಿತ್ತು. ಅಕ್ಷತಾ ಅಪ್ಪನನ್ನು ಅಂಕಲ್ ಎಂದು ಕರೆದು, ಹೋಟೆಲಿನ ಹಳೆಯ ಕತೆ ಕೇಳುತ್ತಿದ್ದಳು. ಬಡಿಸುವವರು ತಟ್ಟೆಯ ಬಟ್ಟಲುಗಳನ್ನು ತುಂಬಿಸುತ್ತಲೇ ಇದ್ದರು. ಮಜ್ಜಿಗೆಯ ಕಢಿ, ಭರಲೇಲಿ ವಾಂಗಿ ಎನ್ನುವ ಬದನೆ ಎಣ್ಣೆಗಾಯಿ, ಬಿಸಿ ಹೋಳಿಗೆ. ಎಲ್ಲವೂ ಬಹಳ ಚೆನ್ನಾಗಿತ್ತಂತೆ. ನನಗೆ ಯಾವುದರ ರುಚಿಯೂ ತಿಳಿಯಲಿಲ್ಲ. ನಾನು ಎರಡೂ ಪಾದಗಳನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡು ಕೂತಿದ್ದೆ.

ಟೀಚರ ತಟ್ಟೆಯಲ್ಲಿ ಆಗಷ್ಟೇ ಅನ್ನ ಬಿದ್ದಿತ್ತು. ಅಕ್ಷತಾ ಹೋಳಿಗೆಯ ಎರಡನೆಯ ತುತ್ತಿನಲ್ಲಿದ್ದಳು. ಅಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟರು. ಎದ್ದರು. ಅವರ ಜೊತೆಗೇ ಅಮ್ಮ, ಹೆಗಲಿಗೆ ಬ್ಯಾಗು ಏರಿಸಿಕೊಂಡು, ಎದ್ದರು. ಇನ್ನು ನನ್ನ ವಿಷಯ. ಪಾದಗಳನ್ನು ಯಾವಾಗ ಬಿಡಿಸಿಕೊಂಡೆನೋ ನನಗೆ ಗೊತ್ತಿಲ್ಲ. ಒಂದು ಗಳಿಗೆ ಕಳೆದು ನೋಡಿದರೆ ನಾವು ಮೂವರೂ ಸಾಲಾಗಿ ನಿಂತಿದ್ದೆವು.

ಟೀಚರು ಕಲಸಿದ ತುತ್ತನ್ನು ಹಾಗೇ ತಟ್ಟೆಗೆ ಬಿಟ್ಟರು. ನಮ್ಮ ಮೂವರ ಮುಖವನ್ನೂ ನೋಡಿದರು. "ಯಾಕ್ರಿ? ನಮ್ಮಿಂದ ಏನರೆ ತಪ್ಪಾತೇನ್ರಿ?" ಎಂದು ಕೇಳಿದರು. ಹುಡುಗಿ ಬೇಡವೆಂದು ಹೇಳಲು ನಾವು ಊಟದ ಮಧ್ಯೆ ಎದ್ದೆವೆಂದು ಅವರು ತಿಳಿದಿದ್ದರು. ಅವರ ಲೆಕ್ಕದಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅಕ್ಷತಾ ನನ್ನನ್ನು ನೋಡಲಿಲ್ಲ. ತಟ್ಟೆ ನೋಡುತ್ತಿದ್ದಳು. ಇಲ್ಲಿಗೆ ಮುಗಿಯಿತು ಎಂದು ನನಗೆ ಅನ್ನಿಸಿತು.

"ಅಯ್ಯೋ, ತಪ್ಪು ನಿಮ್ಮದಲ್ಲ ಟೀಚರೇ" ಎಂದರು ಅಪ್ಪ. ಪೇಪರಿನ ಕನ್ನಡ ಎಲ್ಲಿ ಹೋಯಿತೋ. "ಜನ ನಿಂತಿದ್ದಾರೆ. ಅಲ್ಲಿ ನೋಡಿ, ಮಗು ಎತ್ತಿಕೊಂಡು ನಿಂತಿದ್ದಾರೆ. ಅಭ್ಯಾಸ ಮಾರಾಯ್ರೆ, ಬೇರೆ ಎಂತದ್ದೂ ಅಲ್ಲ." ಎಂದವರೇ ಕೂತರು. ಕೂತು ಬಾಗಿಲ ಕಡೆ ನೋಡಿದರು. ಅಲ್ಲಿ ನಿಂತಿದ್ದ ಹೆಂಗಸು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. ಅಪ್ಪ 'ಛೆ' ಎಂದು ಮತ್ತೆ ಅರ್ಧ ಎದ್ದರು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕೂರಲೂ ಆಗದೆ ನಿಲ್ಲಲೂ ಆಗದೆ, ಟೀಚರಿಗೆ ಹೇಳಿದರು: "ಅವರನ್ನು ನೋಡಿಕೊಂಡು ಕೂರ್ಲಿಕ್ಕೆ ನನಗೆ ಆಗುವುದಿಲ್ಲ ಟೀಚರೇ. ಹಾಗೆ ಕೂತು ಗೊತ್ತಿಲ್ಲ ನನಗೆ."

ಅಪ್ಪ ಯಾರ ಮುಂದೆಯೂ ತಮ್ಮಿಂದ ಒಂದು ಕೆಲಸ ಆಗುವುದಿಲ್ಲ ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತುಂಬ ಪ್ರೀತಿ ಬಂತು. ಆದರೂ ಬೆಪ್ಪನಂತೆ ನಿಂತೇ ಇದ್ದೆ.

ಆಗ ಅಕ್ಷತಾ ಎದ್ದಳು. ಉಣ್ಣುತ್ತಾ ನಡುವೆ ಏಳದ ಮನೆಯ ಹುಡುಗಿ, ಎಂಜಲು ಕೈಯನ್ನು ದೂರ ಹಿಡಿದು, ಎಡಗೈಯಲ್ಲಿ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದಳು.

"ಮಾವಾರ, ನೀವು ಈ ಕಡೆ ಬಂದು ಕುಂದ್ರಿ" ಎಂದಳು. "ಇಲ್ಲಿಂದ ಬಾಗಲಾ ಕಾಣಂಗಿಲ್ಲ."

ಅಷ್ಟು ಹೊತ್ತು ಅಂಕಲ್ ಆಗಿದ್ದ ಅಪ್ಪ, ಮಾವ ಎನ್ನಿಸಿಕೊಂಡು ಕಕ್ಕಾಬಿಕ್ಕಿಯಾದರು. ಟೀಚರು ಮಗಳ ಕಡೆ ತಿರುಗಿದರು. ಅಮ್ಮ ಬ್ಯಾಗನ್ನು ಹೆಗಲಿಂದ ಇಳಿಸಿದರು.

"ನೀನು ಎಲ್ಲಿ ಕೂರುವುದು ಮಗಾ?" ಎಂದು ಅಪ್ಪ ಕೇಳಿದರು.

"ನಿಮ್ಮ ಜಾಗಾದಾಗ. ಮಂದಿ ನಿಂತ್ರ ನನಗೇನೂ ಆಗಂಗಿಲ್ಲ್ರಿ."

ಅಪ್ಪ ಮೇಜನ್ನು ಸುತ್ತಿ ಬಂದು, ಗೋಡೆಗೆ ಮುಖ ಮಾಡಿ ಟೀಚರ ಪಕ್ಕ ಕೂತರು. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು, ಆಮೇಲೆ ಬೆನ್ನನ್ನು ಕುರ್ಚಿಗೆ ಒರಗಿಸಿದರು. ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡು ಬಿಟ್ಟ ತುತ್ತನ್ನು ಮತ್ತೆ ಕಲಸಿದರು. ನಾನು ಕೂತೆ. ಅಕ್ಷತಾ ತಟ್ಟೆಯನ್ನು ಈಚೆಗೆ ಎಳೆದುಕೊಂಡು ಅಪ್ಪನ ಕುರ್ಚಿಯಲ್ಲಿ ಕೂತು, ಬಾಗಿಲಲ್ಲಿ ನಿಂತು ತನ್ನನ್ನೇ ನೋಡುತ್ತಿದ್ದ ಅಷ್ಟೂ ಜನರ ಎದುರಿಗೆ, ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.